ಕೈ ಊರದೆ ಏಳುವ ವಯಸ್ಸು

ಎರಡು ವರ್ಷದ ಹಿಂದೆ ಹಾಸನದ ಕಡೆ ಒಂದು ಹಳ್ಳಿಯಲ್ಲಿ ಗೃಹಪ್ರವೇಶದ ಊಟ. ಟೇಬಲ್ ಇರಲಿಲ್ಲ, ನೆಲದ ಮೇಲೆ ಪಂಕ್ತಿ. ಬಾಳೆ ಎಲೆ, ಕೋಸಂಬರಿ, ಹಯಗ್ರೀವ, ಎಲ್ಲ ಚೆನ್ನಾಗಿತ್ತು. ಮಜ್ಜಿಗೆ ಕುಡಿದು ಏಳಬೇಕು ಅನ್ನುವಾಗ ಫಜೀತಿ ಶುರುವಾಯಿತು. ಬಲಗೈ ಎಂಜಲು. ಎಡಗೈ ಒಂದನ್ನೇ ಊರಿ ಏಳಲು ನೋಡಿದೆ, ಆಗಲಿಲ್ಲ. ಕಾಲು ಜೋಮು ಹಿಡಿದಿದೆ ಅಂತ ನಗುತ್ತಾ ಪಕ್ಕದವರ ಭುಜ ಹಿಡಿದೆ. ಜೋಮು ಹಿಡಿದಿರಲಿಲ್ಲ. ಎದುರು ಸಾಲಿನ ಅಜ್ಜಿಗೆ ಎಪ್ಪತ್ತೆಂಟಂತೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಂಜಲು ಕೈಯನ್ನು ಎದೆಯ ಮುಂದೆ ಹಿಡಿದುಕೊಂಡು, ಏನನ್ನೂ ಊರದೆ ಎದ್ದರು. ಹೋಗುವಾಗ "ಯಾಕಮ್ಮ, ಮಂಡಿ ನೋವಾ?" ಅಂತ ಕೇಳಿದರು. ಆಗ ನನಗೆ 49.

ಅಲ್ಲಿಯವರೆಗೆ ಚಿಕ್ಕವಳಾಗಿ ಕಾಣಲು ನಾನು ಮಾಡದ ಕೆಲಸ ಇರಲಿಲ್ಲ. ತಿಂಗಳಿಗೊಮ್ಮೆ ತಲೆಗೆ ಬಣ್ಣ, ರಾತ್ರಿಗೊಂದು ಕ್ರೀಮು, ಹಗಲಿಗೊಂದು ಕ್ರೀಮು. ಎಲೆ ಮುಂದೆ ಅದ್ಯಾವುದೂ ಕೆಲಸಕ್ಕೆ ಬರಲಿಲ್ಲ.

ಒಳಗೆ ಮಾತ್ರ ನನಗೆ ಈಗಲೂ ನಲವತ್ತೇ. ಇದು ನನ್ನೊಬ್ಬಳ ಹುಚ್ಚಲ್ಲ. ಡೆನ್ಮಾರ್ಕ್‌ನ ಜನರನ್ನು ಕೇಳಿ ಮಾಡಿದ ಒಂದು ಅಧ್ಯಯನ 2006ರಲ್ಲಿ ಪ್ರಕಟವಾಗಿತ್ತು. 40 ದಾಟಿದವರು ಸರಾಸರಿ ತಮ್ಮ ವಯಸ್ಸಿಗಿಂತ ಶೇ. 20ರಷ್ಟು ಚಿಕ್ಕವರು ಅಂತ ತಮ್ಮನ್ನು ಅಂದುಕೊಂಡಿರುತ್ತಾರಂತೆ. ಅಂದರೆ ಐವತ್ತರವರಿಗೆ ನಲವತ್ತು. ಮನಸ್ಸಿನ ಕಡೆಯಿಂದ ನಮಗೆ ಅಷ್ಟೇನೂ ಕೊರತೆ ಇಲ್ಲ, ಅದರ ಮಾತು ಕೇಳುವ ಕಾಲು ಬೇಕು. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಕಾಲಿನ ವಿಷಯವೇ ಜಾಸ್ತಿ. ಎರಡು ವರ್ಷದಲ್ಲಿ ನಾನು ಮಾಡಿ ನೋಡಿದ್ದನ್ನು ಮಾಡಿದ ಕ್ರಮದಲ್ಲೇ ಬರೆದಿದ್ದೇನೆ.

ಮೊದಲು, ನೆಲದಲ್ಲಿ ಕೂತು ಎದ್ದು ನೋಡಿ

ನಮ್ಮಮ್ಮ ದಿನಕ್ಕೆ ಎಷ್ಟು ಸಲ ನೆಲದಿಂದ ಏಳುತ್ತಿದ್ದಳು ಅಂತ ಒಮ್ಮೆ ಲೆಕ್ಕ ಹಾಕಿದೆ. ಬೆಳಗ್ಗೆ ಕುಕ್ಕರಗಾಲಲ್ಲಿ ಕೂತು ರಂಗೋಲಿ. ಈಳಿಗೆ ಮಣೆ ಮುಂದೆ ತರಕಾರಿ ಹೆಚ್ಚೋದು. ಬಟ್ಟೆ ಒಗೆಯೋದು, ಕಾಳು ಬಿಡಿಸೋದು, ಊಟ, ದೇವರ ಮನೆ, ರಾತ್ರಿ ಚಾಪೆ ಹಾಸೋದು. ಇಪ್ಪತ್ತಕ್ಕೆ ಕಡಿಮೆ ಇಲ್ಲ. ನನ್ನ ಲೆಕ್ಕ ಸೊನ್ನೆ. ಸೋಫಾ, ಡೈನಿಂಗ್ ಟೇಬಲ್, ಕಚೇರಿ ಕುರ್ಚಿ, ಮಂಚ, ಕಮೋಡು. ಎಲ್ಲವೂ ಮಂಡಿಯ ಎತ್ತರಕ್ಕೆ ಬಂದು ಕೂತಿವೆ. ಏಳುವುದು ಮರೆತುಹೋದದ್ದು ವಯಸ್ಸಾಗಿ ಅಲ್ಲ, ಅಭ್ಯಾಸ ತಪ್ಪಿ.

ಇದನ್ನು ಅಳೆಯಲು ಬ್ರೆಜಿಲ್‌ನ ವೈದ್ಯ ಕ್ಲಾಡಿಯೊ ಗಿಲ್ ಅರೌಜೊ ಒಂದು ಸುಲಭದ ಪರೀಕ್ಷೆ ಮಾಡಿದ್ದಾರೆ. ಬರಿಗಾಲಲ್ಲಿ ನಿಂತು, ಕಾಲು ಅಡ್ಡ ಹಾಕಿ ನೆಲದ ಮೇಲೆ ಕೂತು, ಮತ್ತೆ ಎದ್ದು ನಿಲ್ಲಬೇಕು. ಕೂರಲು 5 ಅಂಕ, ಏಳಲು 5 ಅಂಕ. ಕೈ, ಮೊಣಕೈ, ಮಂಡಿ, ಏನನ್ನೇ ಊರಿದರೂ ಸಲಕ್ಕೆ ಒಂದು ಅಂಕ ಕಳೆಯಬೇಕು. ತೂರಾಡಿದರೆ ಅರ್ಧ. 51ರಿಂದ 80 ವರ್ಷದವರ ಮೇಲೆ ಅವರ ತಂಡ ಮಾಡಿದ ಅಧ್ಯಯನ 2012ರಲ್ಲಿ ಬಂತು. ಅಂಕ ತೀರಾ ಕಡಿಮೆ ಬಂದವರಲ್ಲಿ ಮುಂದಿನ ಕೆಲವು ವರ್ಷಗಳಲ್ಲಿ ತೀರಿಕೊಂಡವರು ಜಾಸ್ತಿ ಇದ್ದರು. ಹಾಗಂತ ಕಡಿಮೆ ಅಂಕ ಬಂದರೆ ಸಾವು ಬಂತು ಅಂತಲ್ಲ. ಸ್ನಾಯು, ಸಮತೋಲ, ಕೀಲು, ಮೈತೂಕ, ನಾಲ್ಕೂ ಹೇಗಿವೆ ಅನ್ನುವುದು ಇದೊಂದರಲ್ಲೇ ಕಾಣುತ್ತದೆ, ಅಷ್ಟೆ.

ಗೋಡೆಯ ಪಕ್ಕ ಮಾಡಿ, ಮನೆಯಲ್ಲಿ ಯಾರಾದರೂ ಹತ್ತಿರ ಇರಲಿ. ಮಂಡಿ ಸವೆದಿದೆ ಅಂತ ವೈದ್ಯರು ಹೇಳಿದ್ದರೆ, ಸೊಂಟದ ಆಪರೇಷನ್ ಆಗಿದ್ದರೆ ಇದನ್ನು ಬಿಟ್ಟು ಮುಂದೆ ಹೇಳುವ ಕುರ್ಚಿಯಿಂದಲೇ ಶುರು ಮಾಡಿ. ನನಗೆ ಮೊದಲ ದಿನ ಬಂದದ್ದು ಆರೂವರೆ. ಗೋಡೆಯ ಮೇಲೆ ಪೆನ್ಸಿಲ್‌ನಲ್ಲಿ ಬರೆದಿಟ್ಟೆ, ಚಿಕ್ಕಂದಿನಲ್ಲಿ ನಮ್ಮ ಎತ್ತರ ಗುರುತು ಹಾಕುತ್ತಿದ್ದರಲ್ಲ, ಹಾಗೆ.

ಆಮೇಲೆ ಬಸ್ಕಿ

ಶಾಲೆಯಲ್ಲಿ ಮೇಷ್ಟ್ರು ಶಿಕ್ಷೆ ಅಂತ ಕೊಡುತ್ತಿದ್ದದ್ದು ಇದೇ. ಗಣಪತಿ ಮುಂದೆ ಹೊಡೆಯುವುದೂ ಇದೇ. ಗರಡಿ ಮನೆಯಲ್ಲಿ ಪೈಲ್ವಾನರು ನೂರುಗಟ್ಟಲೆ ಹೊಡೆಯುತ್ತಿದ್ದದ್ದೂ ಇದೇ. ಮೂವತ್ತು ದಾಟಿದ ಮೇಲೆ ಸ್ನಾಯು ಮೆಲ್ಲಗೆ ಕರಗಲು ಶುರುವಾಗುತ್ತದೆ, ಹತ್ತು ವರ್ಷಕ್ಕೆ ಶೇ. 3ರಿಂದ 8ರಷ್ಟು. ಅರವತ್ತರ ನಂತರ ಇನ್ನೂ ಬೇಗ. ವಾಕಿಂಗ್ ಹೃದಯಕ್ಕೆ ಒಳ್ಳೆಯದು, ಆದರೆ ಕರಗುವ ಸ್ನಾಯುವನ್ನು ಅದೊಂದೇ ತಡೆಯಲಾರದು. ನಾನು ಕುಕ್ಕರಹಳ್ಳಿ ಕೆರೆ ಸುತ್ತ ಆರು ವರ್ಷ ತಪ್ಪದೆ ನಡೆದವಳು. ಆದರೂ ಎಲೆ ಮುಂದಿನಿಂದ ಏಳಲು ಆಗಲಿಲ್ಲ, ನೋಡಿ.

ಮಾಡುವುದು ಹೀಗೆ. ಕೈಯಿಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಚಕ್ರದ ಕುರ್ಚಿ ಬೇಡವೇ ಬೇಡ. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಎದ್ದು ನಿಂತು, ನಿಧಾನವಾಗಿ ಕೂರಿ. ಕೂರುವಾಗ ಧೊಪ್ಪಂತ ಬೀಳಬಾರದು. ಒಂದು, ಎರಡು, ಮೂರು ಅಂತ ಎಣಿಸುತ್ತಾ ಇಳಿಯಬೇಕು. ಅರ್ಧ ಲಾಭ ಆ ಇಳಿಯುವುದರಲ್ಲೇ ಇದೆ. ಎಂಟು ಸಲ, ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಎಂಟು. ವಾರಕ್ಕೆ ಮೂರು ದಿನ ಸಾಕು, ನಡುವೆ ಒಂದೊಂದು ದಿನ ಬಿಡುವು ಇರಲಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಕೆಲಸ, ಅದರ ಜೊತೆ 150 ನಿಮಿಷ ಚುರುಕಾದ ನಡಿಗೆಯಂಥದ್ದು. ಚುರುಕು ಅಂದರೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಫೋನ್ ನೋಡುತ್ತಾ ಸುತ್ತುವುದು ಲೆಕ್ಕಕ್ಕಿಲ್ಲ.

ಎರಡು ಮೂರು ವಾರದಲ್ಲಿ ಹದಿನೈದು ಸಲ ಸಲೀಸು ಅನ್ನಿಸಿದರೆ ಎತ್ತರ ಇಳಿಸಿ. ಕುರ್ಚಿ ಆದ ಮೇಲೆ ದಿವಾನ, ದಿವಾನ ಆದ ಮೇಲೆ ಬಚ್ಚಲುಮನೆಯ ಗಟ್ಟಿ ಸ್ಟೂಲು, ಆಮೇಲೆ ಎರಡು ದಪ್ಪ ದಿಂಬು, ಕೊನೆಗೆ ಮಣೆ. ಒಂದೊಂದಕ್ಕೂ ಒಂದು ತಿಂಗಳು ಹಿಡಿಯಬಹುದು. ನನಗೆ ಸ್ಟೂಲಿನಿಂದ ದಿಂಬಿಗೆ ಇಳಿಯಲು ಎರಡೂವರೆ ತಿಂಗಳು ಬೇಕಾಯಿತು. ನಡುವೆ ಒಂದು ದಿನ ದಿಂಬಿನಿಂದ ಏಳಲಾಗದೆ ಪಕ್ಕಕ್ಕೆ ಉರುಳಿದೆ. ಮಗಳು ಫೋಟೊ ತೆಗೆದಳು, ಎತ್ತಲಿಲ್ಲ.

ಆಸರೆಗೆ ಮೇಜಿನ ಅಂಚು ಹಿಡಿದರೆ ಅವಮಾನ ಏನಿಲ್ಲ. ಕೋಲಾರದ ಬೆಳ್ಳೂರಿನಲ್ಲಿ ಹುಟ್ಟಿ, ನಮ್ಮ ಮೈಸೂರಿನಲ್ಲಿ ಯೋಗ ಕಲಿತು, ಪುಣೆಯಲ್ಲಿ ಕಲಿಸಿದ ಬಿ.ಕೆ.ಎಸ್. ಅಯ್ಯಂಗಾರ್ ಅವರು ಕುರ್ಚಿ, ಹಗ್ಗ, ಬೆಲ್ಟು, ಮರದ ಇಟ್ಟಿಗೆಗಳನ್ನು ಯೋಗಾಸನಕ್ಕೆ ತಂದು ಪ್ರಪಂಚಕ್ಕೇ ಪರಿಚಯಿಸಿದರು. ಅವರೇ ಚಿಕ್ಕಂದಿನಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲ ಅನುಭವಿಸಿದ್ದವರು. ಬದುಕಿದ್ದು 95 ವರ್ಷ.

ಇನ್ನೆರಡು ಕೆಲಸ ಅಡುಗೆಮನೆಯಲ್ಲೇ ಆಗುತ್ತವೆ. ಹಾಲು ಉಕ್ಕುವವರೆಗೆ ಕಾಯುವುದು ಇದ್ದೇ ಇದೆಯಲ್ಲ, ಆಗ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸಿ. ಹಲ್ಲುಜ್ಜುವಾಗ ಒಂದು ಕಾಲಲ್ಲಿ ನಿಲ್ಲಿ, ಒಂದು ಕೈ ಸಿಂಕಿನ ಮೇಲಿರಲಿ. ಹತ್ತು ಸೆಕೆಂಡು ಆಸರೆ ಇಲ್ಲದೆ ನಿಲ್ಲುವುದು ಗುರಿ. ಮೊದಲ ದಿನ ನಾಲ್ಕೇ ಸೆಕೆಂಡಿಗೆ ಕಾಲು ಇಳಿಸಿದರೆ ಗಾಬರಿ ಬೇಡ, ಎಲ್ಲರದ್ದೂ ಹೆಚ್ಚುಕಡಿಮೆ ಹಾಗೇ. ತೋಳಿಗೆ ಬೇರೆ ಏನೂ ಬೇಡ. ಗೋಡೆಗೆ ಕೈ ಊರಿ ದಂಡ ಹೊಡೆಯಿರಿ, ಮಾರುಕಟ್ಟೆಯಿಂದ ತರಕಾರಿ ಚೀಲವನ್ನು ಎರಡು ಕೈಗೂ ಸಮ ಹಂಚಿ ನೀವೇ ಹೊತ್ತು ತನ್ನಿ.

ಮಾರನೆಯ ದಿನ ತೊಡೆ ಹಿಡಿದುಕೊಂಡರೆ ಅದು ಸರಿ. ಮಂಡಿಯ ಒಳಗೆ ಚುಚ್ಚಿದರೆ ಸರಿಯಲ್ಲ, ನಿಲ್ಲಿಸಿ ತೋರಿಸಿ. ಎದೆ ಬಿಗಿತ, ತಲೆಸುತ್ತು, ಅತಿಯಾದ ಏದುಸಿರು ಬಂದರೆ ಅವತ್ತೇ ವೈದ್ಯರ ಹತ್ತಿರ ಹೋಗಬೇಕು. "ಗ್ಯಾಸ್ ಇರಬೇಕು" ಅಂತ ಜೀರಿಗೆ ಕಷಾಯ ಕುಡಿದು ಮಲಗಬಾರದು.

ತಟ್ಟೆಯಲ್ಲಿ ಒಂದೇ ಒಂದು ಲೆಕ್ಕ

ಊಟದ ಬಗ್ಗೆ ಎಲ್ಲರೂ ಹೇಳುತ್ತಾರೆ, ನಾನು ಜಾಸ್ತಿ ಹೇಳಲ್ಲ. ಪ್ರೋಟೀನ್ ಒಂದನ್ನು ಎಣಿಸಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಪ್ರಕಾರ ದಿನಕ್ಕೆ ಮೈತೂಕದ ಪ್ರತಿ ಕಿಲೋಗೆ 0.83 ಗ್ರಾಂ ಬೇಕು. 60 ಕಿಲೋ ಇದ್ದರೆ 50 ಗ್ರಾಂ. ಬೆಳಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಅನ್ನ ಸಾರು, ರಾತ್ರಿ ಎರಡು ಚಪಾತಿ, ಆಲೂಗಡ್ಡೆ ಪಲ್ಯ. ನನ್ನ ಒಂದು ದಿನದ ಲೆಕ್ಕ 40 ಗ್ರಾಂ ಕೂಡ ಮುಟ್ಟಲಿಲ್ಲ. ಬೇಳೆ ಸಾರು ತಿನ್ನುತ್ತೇನಲ್ಲ ಅನ್ನಬೇಡಿ. ತಿಳಿಸಾರಿನಲ್ಲಿ ಬೇಳೆ ಎಷ್ಟಿರುತ್ತದೆ ಅಂತ ಸೌಟು ಹಾಕಿದವರಿಗೆ ಗೊತ್ತು.

ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲಿ ಹೆಚ್ಚುಕಡಿಮೆ ಅಷ್ಟೇ. ಒಂದು ಹಿಡಿ ಕಡಲೆಬೀಜದಲ್ಲಿ 7 ಗ್ರಾಂ. ಹುರುಳಿ, ಹೆಸರು, ತೊಗರಿ, ಯಾವುದೇ ಆಗಲಿ, ಒಣಗಿದ ಕಾಳು 100 ಗ್ರಾಂ ತೆಗೆದುಕೊಂಡರೆ ಇಪ್ಪತ್ತರ ಮೇಲೆ. ಹಾಗಾಗಿ ಬೆಳಗ್ಗೆ ತಿಂಡಿಗೆ ಮೊಳಕೆ ಕಾಳಿನ ಉಸಲಿ ಸೇರಿಸಿದೆ, ಸಾಯಂಕಾಲದ ಬಿಸ್ಕತ್ತು ಹೋಗಿ ಹುರಿಗಡಲೆ ಬಂತು. ರಾಗಿ ಮುದ್ದೆ ವಾಪಸ್ ಬಂತು. ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಮೂಳೆಗೆ ಬೇಕು. ಕಿಡ್ನಿ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.

ಏನೂ ಬಾರದ ಜಾಗಕ್ಕೆ ಹೋಗಿ

ಐವತ್ತರ ಹೊತ್ತಿಗೆ ನಮಗೆ ಎಲ್ಲವೂ ಬರುತ್ತದೆ. ಕಚೇರಿ ಕೆಲಸ ಕಣ್ಣು ಮುಚ್ಚಿ ಮಾಡುತ್ತೇವೆ, ಹುಳಿಗೆ ಉಪ್ಪು ಕೈ ಅಂದಾಜು. ಬಾರದ ಕಡೆ ನಾವು ಹೋಗುವುದೇ ಇಲ್ಲ. ಮನಸ್ಸು ಮುದಿಯಾಗುವುದು ಅಲ್ಲೇ ಅಂತ ನನಗೆ ಅನ್ನಿಸುತ್ತದೆ.

ನಾನು ಆರಿಸಿಕೊಂಡದ್ದು ಈಜು. ನಮ್ಮೂರಿನಲ್ಲಿ ಹುಡುಗರು ಸೊಂಟಕ್ಕೆ ಸೋರೆ ಬುರುಡೆ ಕಟ್ಟಿಕೊಂಡು ಬಾವಿಗೆ ಧುಮುಕಿ ಕಲಿಯುತ್ತಿದ್ದರು. ಹುಡುಗಿಯರು ದಂಡೆಯ ಮೇಲೆ ಅಣ್ಣಂದಿರ ಬಟ್ಟೆ ಕಾಯುತ್ತಿದ್ದರು. ನಲವತ್ತು ವರ್ಷ ಅದು ಹೊಟ್ಟೆಯಲ್ಲಿತ್ತು. ಈಜುಕೊಳದಲ್ಲಿ ಕಲಿಯುವವರ ಸಾಲಿನಲ್ಲಿ ಒಂಬತ್ತು ಮಕ್ಕಳು, ಕೊನೆಯಲ್ಲಿ ನಾನು. ಮೊದಲ ವಾರ ಪೂರ್ತಿ ಕಂಬಿ ಹಿಡಿದು ನೀರೊಳಗೆ ಗುಳ್ಳೆ ಬಿಡುವುದು. ನನ್ನ ಪಕ್ಕದ ಏಳು ವರ್ಷದ ಹುಡುಗನಿಗೆ ನನ್ನನ್ನು ನೋಡಿ ತಡೆಯಲಾಗಲಿಲ್ಲ. "ಆಂಟಿ, ಮೂಗು ಹಿಡ್ಕೋಬೇಡಿ. ಹೂಂ ಅನ್ನಿ. ಹೂಂ ಅಂದ್ರೆ ನೀರು ಒಳಗೆ ಬರಲ್ಲ." ಹೂಂ ಅಂದೆ. ಬರಲಿಲ್ಲ. ಅಷ್ಟು ಹಣ ತೆಗೆದುಕೊಂಡ ಕೋಚ್ ಇದನ್ನು ಹೇಳಿರಲಿಲ್ಲ.

25 ಮೀಟರ್ ನಿಲ್ಲದೆ ಈಜಲು ನನಗೆ ನಾಲ್ಕು ತಿಂಗಳು ಬೇಕಾಯಿತು. ಆ ಹುಡುಗನಿಗೆ ಐದು ವಾರ. ಆದರೆ ಆ ನಾಲ್ಕು ತಿಂಗಳು ಸಾಯಂಕಾಲ ಐದಾದರೆ ಹೊಟ್ಟೆಯಲ್ಲಿ ಪರೀಕ್ಷೆಯ ದಿನದಂಥ ತಳಮಳ. ಆ ತಳಮಳ ಕೊನೆಯ ಸಲ ಯಾವಾಗ ಬಂದಿತ್ತು ಅಂತ ನೆನಪೇ ಇರಲಿಲ್ಲ.

ನಿಮ್ಮದು ಈಜೇ ಆಗಬೇಕಿಲ್ಲ. ತಬಲಾ, ಯಕ್ಷಗಾನದ ಹೆಜ್ಜೆ, ಸೈಕಲ್ಲು, ಬಡಗಿ ಕೆಲಸ, ಪಕ್ಕದ ಮನೆಯವರ ತುಳು ಅಥವಾ ಕೊಂಕಣಿ, ಯಾವುದಾದರೂ ಸರಿ. ಆರಿಸುವಾಗ ಮೂರು ವಿಷಯ ನೋಡಿ. ಈಗ ಅದು ನಿಮಗೆ ಬರಬಾರದು, ಒಂದು ಚೂರೂ. ಎದುರಿಗೆ ಕಲಿಸುವವರು, ಜೊತೆಗೆ ಕಲಿಯುವವರು ಇರಬೇಕು. ಯೂಟ್ಯೂಬ್ ನೋಡಿ ಒಬ್ಬರೇ ಕಲಿತರೆ ಮೂರನೇ ವಾರಕ್ಕೆ ನಿಂತುಹೋಗುತ್ತದೆ. ಮೂರನೆಯದು, ಸ್ವಲ್ಪ ಕಷ್ಟವೇ ಇರಬೇಕು. ಅಮೆರಿಕದ ಡಲ್ಲಾಸ್‌ನಲ್ಲಿ ಡೆನಿಸ್ ಪಾರ್ಕ್ ಎಂಬ ವಿಜ್ಞಾನಿಯ ತಂಡ ಅರವತ್ತು ದಾಟಿದವರಿಗೆ ಮೂರು ತಿಂಗಳು ಹೊಸ ಕಸುಬು ಕಲಿಸಿ ನೋಡಿತು. ಕೆಲವರಿಗೆ ಡಿಜಿಟಲ್ ಫೋಟೊಗ್ರಫಿ, ಕೆಲವರಿಗೆ ಕೌದಿ ಹೊಲಿಯುವಂಥ ಕೆಲಸ. ಇನ್ನೊಂದು ಗುಂಪು ಸುಮ್ನೆ ಸೇರಿ ಹರಟೆ, ಆಟ, ಓಡಾಟದಲ್ಲಿ ಕಾಲ ಕಳೆಯಿತು. ನೆನಪಿನ ಶಕ್ತಿ ಸುಧಾರಿಸಿದ್ದು ಕಷ್ಟಪಟ್ಟು ಕಲಿತವರಲ್ಲಿ. ಕಿಟ್ಟಿ ಪಾರ್ಟಿ ಬಿಡಿ ಅಂತ ನಾನು ಹೇಳುತ್ತಿಲ್ಲ, ಹೋಗಿ. ಅದನ್ನು ಕಲಿಕೆಯ ಲೆಕ್ಕಕ್ಕೆ ಸೇರಿಸಬೇಡಿ ಅಷ್ಟೆ.

ಹುಣಸೆ ಬೀಜದ ಪರೀಕ್ಷೆ

ಒಂದು ವಾರ ಇದನ್ನು ಮಾಡಿ. ಅಡುಗೆಮನೆಯಲ್ಲಿ ಒಂದು ಬಟ್ಟಲು, ಪಕ್ಕದಲ್ಲಿ ಹುಣಸೆ ಬೀಜ. "ವಯಸ್ಸಾಯ್ತು ಕಣೆ", "ನಮ್ಮ ಕಾಲದಲ್ಲಿ", "ಇನ್ನೇನು ಬಿಡು ನಮ್ದು" ಅಂತ ಬಾಯಿಂದ ಬಂದಾಗಲೆಲ್ಲ ಒಂದು ಬೀಜ ಬಟ್ಟಲಿಗೆ. ನನ್ನ ಮೊದಲ ವಾರ 31. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಕೆಲಸ ತಪ್ಪಿಸಿಕೊಳ್ಳಲು ಹೇಳಿದ್ದು. ಮೇಲಿನ ಅಟ್ಟದಿಂದ ಪಾತ್ರೆ ಇಳಿಸು ಅಂದರೆ "ವಯಸ್ಸಾಯ್ತು". ಹೊಸ ಆ್ಯಪ್ ಹಾಕಿಕೊ ಅಂದರೆ "ನಂಗೆ ಅದೆಲ್ಲ ಬರಲ್ಲ".

ಯೇಲ್ ವಿಶ್ವವಿದ್ಯಾಲಯದ ಬೆಕಾ ಲೆವಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಓಹಾಯೊದ 660 ಜನರ ಲೆಕ್ಕ ಇದೆ, ಎಲ್ಲರೂ 50 ದಾಟಿದವರು. ವಯಸ್ಸಾಗುವುದರ ಬಗ್ಗೆ ಒಳ್ಳೆಯ ಭಾವನೆ ಇಟ್ಟುಕೊಂಡಿದ್ದವರು ಉಳಿದವರಿಗಿಂತ ಸರಾಸರಿ 7.5 ವರ್ಷ ಹೆಚ್ಚು ಬದುಕಿದ್ದರು. ಹುಣಸೆ ಬೀಜ ಎಣಿಸಿದರೆ ಏಳೂವರೆ ವರ್ಷ ಸಿಗುತ್ತದೆ ಅಂತಲ್ಲ. ನನಗೆ ಸಿಕ್ಕ ಲಾಭ ಚಿಕ್ಕದು. ನಾಲ್ಕನೇ ವಾರಕ್ಕೆ ಬಟ್ಟಲಲ್ಲಿ ಒಂಬತ್ತು ಬೀಜ, ಅಟ್ಟದ ಪಾತ್ರೆ ನಾನೇ ಇಳಿಸುತ್ತಿದ್ದೆ.

ಇನ್ನೊಂದು ಮಾತು. ಮನೆಗೆ ಬರುವ ಇಪ್ಪತ್ತರ ಹುಡುಗ ಹುಡುಗಿಯರ ಹತ್ತಿರ "ಮದುವೆ ಯಾವಾಗ, ಸಂಬಳ ಎಷ್ಟು" ಬಿಟ್ಟು ಬೇರೆ ಏನಾದರೂ ಕೇಳಿ. ಏನು ಕೇಳುತ್ತಿದ್ದೀಯಾ ಇಯರ್‌ಫೋನಿನಲ್ಲಿ, ನನಗೂ ಹಾಕು ಅನ್ನಿ. ಇಷ್ಟವಾಗದಿದ್ದರೆ ಇಷ್ಟವಾಗಲಿಲ್ಲ ಅನ್ನಬಹುದು. ಅದು ಅವರಿಗೆ ಬುದ್ಧಿ ಹೇಳುವುದಕ್ಕಿಂತ ಎಷ್ಟೋ ವಾಸಿ.

ಕನ್ನಡಕ, ಬಣ್ಣ, ಬಿಸಿಲು

ನಲವತ್ತರ ನಂತರ ಕಣ್ಣೊಳಗಿನ ಮಸೂರ ಬಿಗಿಯಾಗುತ್ತದೆ, ಹತ್ತಿರದ ಅಕ್ಷರ ಮಸುಕಾಗುತ್ತದೆ. ಇದು ಎಲ್ಲರಿಗೂ ಬರುವುದು. ಮೆನು ಕಾರ್ಡನ್ನು ಮಾರುದೂರ ಹಿಡಿದು ಕತ್ತು ಹಿಂದಕ್ಕೆ ಎಳೆದುಕೊಂಡು ಓದುವವರೇ ಜಾಸ್ತಿ ವಯಸ್ಸಾದವರಂತೆ ಕಾಣುತ್ತಾರೆ, ಕನ್ನಡಕ ಹಾಕಿದವರಲ್ಲ. ಹಾಕಿಕೊಳ್ಳಿ.

ತಲೆಗೆ ಬಣ್ಣ ಹಚ್ಚುವುದು ಬಿಡುವುದು ನಿಮ್ಮಿಷ್ಟ. ನಾನು ಬಿಟ್ಟೆ, ನನ್ನ ತಂಗಿ ಹಚ್ಚುತ್ತಾಳೆ, ಇಬ್ಬರೂ ಆರಾಮಾಗಿದ್ದೇವೆ. ಹಚ್ಚುವುದಾದರೆ 48 ಗಂಟೆ ಮುಂಚೆ ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಿ ನೋಡಿ. ಹೆಚ್ಚಿನ ಕಪ್ಪು ಬಣ್ಣಗಳಲ್ಲಿ ಪಿಪಿಡಿ ಎಂಬ ರಾಸಾಯನಿಕ ಇರುತ್ತದೆ, ಕೆಲವರಿಗೆ ಮುಖವೇ ಊದಿಕೊಳ್ಳುತ್ತದೆ. "ಕಪ್ಪು ಮೆಹಂದಿ" ಅಂತ ಮಾರುವುದರಲ್ಲೂ ಅದು ಇರಬಹುದು. ಕ್ರೀಮಿಗೆ ಸುರಿಯುವ ದುಡ್ಡಿನಲ್ಲಿ ಒಂದು ಸನ್‌ಸ್ಕ್ರೀನ್, ಒಂದು ಕೊಡೆ ತೆಗೆದುಕೊಳ್ಳಿ. ಚರ್ಮ ಸುಕ್ಕಾಗುವುದರಲ್ಲಿ ಬಿಸಿಲಿನ ಪಾಲು ದೊಡ್ಡದು.

ಮುಟ್ಟು ನಿಲ್ಲುವ ಹೊತ್ತು

ನಮ್ಮ ದೇಶದ ಹೆಂಗಸರಿಗೆ ಸರಾಸರಿ 46-47ರ ಹೊತ್ತಿಗೆ ಮುಟ್ಟು ನಿಲ್ಲುತ್ತದೆ. ಅದಕ್ಕೂ ಕೆಲವು ವರ್ಷ ಮುಂಚೆಯೇ ಗಲಾಟೆ ಶುರು. ರಾತ್ರಿ ಎರಡಕ್ಕೆ ಮೈ ಬೆವತು ಎಚ್ಚರ, ಸುಮ್ನೆ ಸಿಟ್ಟು, ಹೆಸರುಗಳು ನಾಲಿಗೆ ತುದಿಗೆ ಬಂದು ನಿಲ್ಲುವುದು. ನನಗೆ ಮರೆವಿನ ಕಾಯಿಲೆಯೇ ಬಂತು ಅಂದುಕೊಂಡಿದ್ದೆ. ನಮ್ಮಮ್ಮ, ಅತ್ತೆ, ಚಿಕ್ಕಮ್ಮ ಒಬ್ಬರೂ ಇದರ ಬಗ್ಗೆ ಬಾಯಿ ಬಿಟ್ಟಿರಲಿಲ್ಲ. ಸಹಿಸಿಕೊಳ್ಳಲೇಬೇಕು ಅಂತೇನಿಲ್ಲ, ಚಿಕಿತ್ಸೆ ಇದೆ, ಸ್ತ್ರೀರೋಗ ತಜ್ಞರನ್ನು ಕೇಳಿ. ಮುಟ್ಟು ನಿಂತ ಮೊದಲ ವರ್ಷಗಳಲ್ಲಿ ಮೂಳೆ ಬೇಗ ಸವೆಯುವುದರಿಂದ ಬಸ್ಕಿ, ರಾಗಿ ಎರಡೂ ಈಗಲೇ ಬೇಕು. ಪೂರ್ತಿ ಹನ್ನೆರಡು ತಿಂಗಳು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ತಡ ಮಾಡದೆ ತೋರಿಸಿ. ಇದನ್ನು ನಿಮ್ಮ ಅಕ್ಕತಂಗಿಯರಿಗೂ ಹೇಳಿ.

ಗಂಡಸರಿಗೆ ಇಂಥ ಗಂಟೆ ಬಾರಿಸುವುದಿಲ್ಲ, ಅದೇ ಅವರ ಕಷ್ಟ. ಬಿಪಿ, ಶುಗರ್ ಏರಿದ್ದು ಗೊತ್ತೇ ಆಗಲ್ಲ. ವರ್ಷಕ್ಕೊಮ್ಮೆ ನೋಡಿಸಿ. ಎಚ್‌ಬಿಎ1ಸಿ ಅಂದರೆ ಹಿಂದಿನ ಎರಡು ಮೂರು ತಿಂಗಳ ಶುಗರ್ ಸರಾಸರಿ ತೋರಿಸುವ ರಕ್ತಪರೀಕ್ಷೆ. ಅದು 5.7 ದಾಟಿದರೆ ಎಚ್ಚರಿಕೆ, 6.5 ಮುಟ್ಟಿದರೆ ಸಕ್ಕರೆ ಕಾಯಿಲೆ. ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ 30 ದಾಟಿದವರಿಗೆ ಬಿಪಿ, ಶುಗರ್ ಉಚಿತವಾಗಿ ನೋಡುತ್ತಾರೆ.

ಕೊನೆಗೆ ಒಂದು ಬೆಟ್ಟ ಇಟ್ಟುಕೊಳ್ಳಿ

ವರ್ಷಕ್ಕೊಮ್ಮೆ ನಿಮ್ಮನ್ನು ನೀವೇ ಅಳೆಯಲು ಒಂದು ಜಾಗ ಬೇಕು. ಕನ್ನಡಿ ಅದಕ್ಕೆ ಒಳ್ಳೆಯದಲ್ಲ. ನನ್ನದು ಚಾಮುಂಡಿ ಬೆಟ್ಟ, ಸಾವಿರ ಚಿಲ್ಲರೆ ಮೆಟ್ಟಿಲು. ನಿಮ್ಮೂರಲ್ಲಿ ಯಾವುದಿದೆಯೋ ಅದು. ಬೆಟ್ಟವೇ ಇಲ್ಲದಿದ್ದರೆ ನಾಲ್ಕು ಮಹಡಿಯ ಅಪಾರ್ಟ್‌ಮೆಂಟ್ ಮೆಟ್ಟಿಲೂ ಆದೀತು. ಆರು ಗಂಟೆಗೆ ಪಾದದ ಹತ್ತಿರ ಇರಿ, ಬಿಸಿಲು ಏರಬಾರದು. ಮೊದಲ ಸಲ ನಂದಿಯ ತನಕ ಸಾಕು. ನಡುವೆ ಎಷ್ಟು ಸಲ ನಿಂತಿರಿ ಅಂತ ಮಾತ್ರ ಎಣಿಸಿ, ಗಡಿಯಾರ ನೋಡಬೇಡಿ. ನಾನು ಮೊದಲ ವರ್ಷ ಹನ್ನೊಂದು ಸಲ ನಿಂತೆ. ಈ ವರ್ಷ ನಾಲ್ಕು.

ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುವ ಹೆಂಗಸರು ಅಲ್ಲಿ ಸಿಗುತ್ತಾರೆ. ಅವರನ್ನು ಹಿಂದೆ ಹಾಕಿ ಹೋಗುತ್ತೀರಿ, ನಿಜ. ಆದರೆ ಅವರು ಸಾವಿರ ಸಲ ಬಗ್ಗಿ ಎದ್ದಿರುತ್ತಾರೆ. ಮುಂದಿನ ವರ್ಷ ನಾನೂ ಒಂದು ಡಬ್ಬಿ ಅರಿಶಿನ ತೆಗೆದುಕೊಂಡು ಹೋಗೋಣ ಅಂತಿದ್ದೇನೆ.

ಇಳಿಯುವಾಗ ಮಾತ್ರ ಸಿಟಿ ಬಸ್ ಹತ್ತಿ. ಮಂಡಿಗೆ ಇಳಿಯುವುದರಲ್ಲೇ ಹೊಡೆತ ಜಾಸ್ತಿ.